ಅರೇಬಿಕಾಗೆ ನೀರು ಹೊಡೆದು ಹೂ ತರಿಸಿದ್ದು: ನನ್ನ ಅನುಭವ

ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹೊಡೆಯದ ತೋಟ ಈಗ ಕಡಿಮೆ. ಅರೇಬಿಕಾ ಕಾಫಿಗೂ ಹೊಡೆಯುತ್ತೇನೆ ಅಂದಾಗ ಮಾತ್ರ ಸುತ್ತಲಿನವರು ನಕ್ಕರು. "ಅದಕ್ಕೆ ಮಳೆ ಬಂದೇ ಬರುತ್ತೆ, ಸುಮ್ಮನೆ ಡೀಸೆಲ್ ಸುಡಬೇಡಿ" ಅಂದರು. ಮೊದಲ ಎರಡು ವರ್ಷ ಡೀಸೆಲ್ ಸುಮ್ಮನೆ ಸುಟ್ಟಂತೆಯೇ ಆಯಿತು. ಆಮೇಲಿನ ಮೂರು ವರ್ಷದಿಂದ ಐದು ಎಕರೆ ಸೆಲೆಕ್ಷನ್ 795 ಅನ್ನುವ ಅರೇಬಿಕಾ ತಳಿಯಲ್ಲಿ ಒಂದೇ ಸಲಕ್ಕೆ ಹೂ ಬರುತ್ತಿದೆ. ನಕ್ಕವರಲ್ಲಿ ಇಬ್ಬರು ಈಗ ಪೈಪು ತಂದಿದ್ದಾರೆ.

ಮೊದಲ ವರ್ಷದ ತಪ್ಪು, ಅವಸರ. ಫೆಬ್ರವರಿ ಮೊದಲ ವಾರದಲ್ಲೇ ಹೊಡೆದೆ, ಅದೂ ಸುಮಾರು 45 ಸೆಂಟು ಮಾತ್ರ (ನೂರು ಸೆಂಟು ಅಂದರೆ ಒಂದು ಇಂಚು ನೀರು). ಮೊಗ್ಗು ಒಂದಿಷ್ಟು ಉಬ್ಬಿ ಅಲ್ಲೇ ನಿಂತಿತು. ಹತ್ತನೇ ದಿನ ನೋಡಿದರೆ ಎಸಳು ಬಿಡಿಸಿಕೊಳ್ಳದೆ ಹಸಿರು ಹಸಿರಾಗಿ, ಗಿಡ್ಡಕ್ಕೆ ಸೆಟೆದ ನಕ್ಷತ್ರದ ಹೂವು. ಅದು ಕಾಯಿ ಕಚ್ಚುವುದಿಲ್ಲ. ಬಲಿಯದ ಮೊಗ್ಗು, ಸಾಲದ ನೀರು, ಜೊತೆಗೆ ಬಿಸಿಲು, ಮೂರೂ ಸೇರಿದ್ದವು.

ಎರಡನೇ ವರ್ಷ ನೀರಿನ ಲೆಕ್ಕ ತಪ್ಪಿತು. ಎಕರೆಗೆ ಒಂದು ಇಂಚು ಅಂದರೆ ಹತ್ತಿರ ಹತ್ತಿರ ಒಂದು ಲಕ್ಷ ಲೀಟರ್. ಗಾಳಿಗೆ, ಜಾಯಿಂಟ್ ಸೋರಿಕೆಗೆ ಇನ್ನೊಂದು 20 ಸಾವಿರ ಸೇರಿಸಿ. ನನ್ನ ಹೊಂಡದಲ್ಲಿ 12 ಲಕ್ಷ ಲೀಟರ್ ಹಿಡಿಯುತ್ತದೆ. ಆಸೆಗೆ ಎಂಟು ಎಕರೆಗೆ ಹೊಡೆದೆ, ಹೂ ಅದ್ಭುತವಾಗಿ ಬಂತು, ಬ್ಯಾಕಿಂಗ್‌ಗೆ, ಅಂದರೆ ಹೂವಾದ ಮೇಲೆ ಕಾಯಿ ನಿಲ್ಲಲು ಕೊಡುವ ಎರಡನೇ ಸಲಕ್ಕೆ, ನೀರಿಲ್ಲ. ಮಳೆಯೂ ಕೈಕೊಟ್ಟಿತು. ಸೂಜಿಮೊನೆಯಷ್ಟಿದ್ದ ಕಾಯಿ ಕಪ್ಪಾಗಿ ಉದುರಿತು. ಬ್ಯಾಕಿಂಗ್‌ನ ನೀರನ್ನು ಮೊದಲು ತೆಗೆದಿಟ್ಟು, ಉಳಿದದ್ದರಲ್ಲಿ ಎಷ್ಟು ಎಕರೆ ಅಂತ ನೋಡಬೇಕು. ಹಾಗಾಗಿ ಐದೇ ಎಕರೆ.

ಈಗ ಮಾಡುವುದು ಹೀಗೆ. ಫೆಬ್ರವರಿ ಕೊನೆಗೆ ಬ್ಲಾಕಿಗೆ ನಾಲ್ಕೈದು ರೆಕ್ಕೆ (ಪಕ್ಕದ ಕೊಂಬೆ) ಕತ್ತರಿಸಿ ಬಕೆಟ್ ನೀರಿನಲ್ಲಿ ಪೂರ್ತಿ ಮುಳುಗಿಸಿ ಒಂದು ರಾತ್ರಿ ಬಿಡುತ್ತೇನೆ, ಆಮೇಲೆ ಬುಡ ಮಾತ್ರ ನೀರಿನಲ್ಲಿ. ಮೂರ್ನಾಲ್ಕು ದಿನಕ್ಕೆ ಮೊಗ್ಗು ಉದ್ದವಾಗತೊಡಗಿದರೆ ಆ ಬ್ಲಾಕು ತಯಾರು. ಅಲ್ಲಾಡದೆ ಕೂತರೆ ಇನ್ನೊಂದು ವಾರ ಒಣಗಲಿ. ಇಥಿಯೋಪಿಯಾದ ಬೆಟ್ಟದ ಕಾಡಿನ ಗಿಡ ಇದು, ಬೇಸಿಗೆಯ ಒಣಗು ಕಾಣದೆ ಮೊಗ್ಗು ಏಳುವುದಿಲ್ಲ.

10 ಎಚ್‌ಪಿ ಡೀಸೆಲ್ ಪಂಪು, ಒಂದು ಸಲಕ್ಕೆ ಹತ್ತು ಜೆಟ್ (ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ತಲೆ), ಜೆಟ್ ನಡುವೆ 40ಕ್ಕೆ 40 ಅಡಿ. ಒಂದು ಜಾಗದಲ್ಲಿ ಎರಡೂವರೆ ಗಂಟೆ. ಗಡಿಯಾರ ನಂಬಬೇಡಿ, ನಾಲ್ಕು ಜೆಟ್ ನಡುವೆ ನೇರ ಗೋಡೆಯ ಖಾಲಿ ಡಬ್ಬ ನಾಲ್ಕಿಟ್ಟು ಸ್ಕೇಲ್ ಅದ್ದಿ ಒಂದು ಇಂಚು ಬಿದ್ದಿದೆಯಾ ನೋಡಿ. ನನ್ನಲ್ಲಿ ಒಂದು ಡಬ್ಬದಲ್ಲಿ ಒಂದೂಕಾಲು ಇಂಚು, ಸಿಲ್ವರ್ ಮರದ ಹಿಂದಿನದರಲ್ಲಿ ಅರ್ಧ ಇಂಚೂ ಇರಲಿಲ್ಲ. ಜೆಟ್ ಆರಡಿ ಸರಿಸಿದ ಮೇಲೆ ಸರಿಹೋಯಿತು. ಮಧ್ಯಾಹ್ನ ಗಾಳಿ ಏಳುತ್ತದೆ, ಸಂಜೆಯಿಂದ ಬೆಳಗಿನವರೆಗೆ ಓಡಿಸುವುದೇ ಲಾಭ.

ಒಂಬತ್ತು-ಹತ್ತನೇ ದಿನ ಹೂ. ಅರಳಿದ ಎರಡು-ಮೂರು ದಿನ ನೀರೂ ಇಲ್ಲ, ಔಷಧಿಯೂ ಇಲ್ಲ. ಮೊದಲ ನೀರಿನಿಂದ ಹದಿನೆಂಟು-ಇಪ್ಪತ್ತು ದಿನಕ್ಕೆ 75 ಸೆಂಟು ಬ್ಯಾಕಿಂಗ್. ನಡುವೆ ಮಳೆ ಬಂದರೆ ಅಳೆದು, ಕಡಿಮೆ ಬಿದ್ದಷ್ಟನ್ನೇ ಹೊಡೆಯುತ್ತೇನೆ.

ನೀರು ಉಳಿಸೋಣ ಅಂತ ಇಪ್ಪತ್ತು ಗಿಡಕ್ಕೆ ಪೈಪಿನಲ್ಲಿ ಬುಡಕ್ಕೆ ಮಾತ್ರ ಬಿಟ್ಟು ನೋಡಿದ್ದೂ ಆಯಿತು. ಒಂದು ಗಿಡದಲ್ಲಿ ಹೂ, ಪಕ್ಕದ್ದರಲ್ಲಿ ಇಲ್ಲ. ಚಂದ್ರಗಿರಿ ಅನ್ನುವ ಇನ್ನೊಂದು ಅರೇಬಿಕಾ ತಳಿಯ ಬ್ಲಾಕಿನಲ್ಲೂ ಒಂದು ಪಟ್ಟಿ ಹೊಡೆದಿದ್ದೇನೆ. ಅಲ್ಲಿ ಗಿಡ ಗಿಡ್ಡ, ರೆಕ್ಕೆ ಒತ್ತೊತ್ತು, ಒಳಗಿನ ಗೆಣ್ಣಿಗೆ ನೀರು ತಾಗುವುದು ಕಷ್ಟ. ಅದನ್ನು ಇನ್ನೂ ನೋಡುತ್ತಿದ್ದೇನೆ.

ಖರ್ಚು ನೆನಪಿನಿಂದ ಹೇಳುತ್ತೇನೆ. ದಿನಕ್ಕೆ ಒಂದೂವರೆ ಎಕರೆ ಮುಗಿಯುತ್ತದೆ, ಡೀಸೆಲ್ 20 ಲೀಟರ್, ಆಳು ಇಬ್ಬರು. ಎರಡೂ ನೀರು ಸೇರಿ ಎಕರೆಗೆ ಮೂರೂವರೆ-ನಾಲ್ಕು ಸಾವಿರ. ಪೈಪು, ಪಂಪು ಬೇರೆ. ಎಕರೆಗೆ ಎಂಟು ಮೂಟೆ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಬೀಜ) ಇದ್ದದ್ದು ಹತ್ತು-ಹತ್ತೂವರೆಗೆ ಬಂದಿದೆ. ಅದಕ್ಕಿಂತ ದೊಡ್ಡ ಉಳಿತಾಯ ಕುಯ್ಲಿನದು. ಮೊದಲು ಬಿಡಿ ಬಿಡಿ ಹೂವಿನಿಂದ ನಾಲ್ಕೈದು ಸುತ್ತು ಆಳು ಬಿಡಬೇಕಿತ್ತು. ಹೋದ ವರ್ಷ ಎರಡು ಸುತ್ತು ಹಣ್ಣು, ಆಮೇಲೆ ಉಳಿದದ್ದನ್ನೆಲ್ಲ ಒಟ್ಟಿಗೆ ಕಿತ್ತ ಒಂದು ಬಾಚು, ಕ್ರಿಸ್‌ಮಸ್‌ಗೆ ಮೊದಲೇ ಕಣ ಖಾಲಿ.