ಪ್ಲಾಸ್ಟಿಕ್ ಕವರ್‌ನ ಕೈಚೀಲ: ತೂತು ಬೀಳುವುದು ನಿಂತದ್ದು ಹೀಗೆ

ಹಳೆ ಪ್ಲಾಸ್ಟಿಕ್ ಕವರ್‌ಗಳನ್ನು ಇಸ್ತ್ರಿಪೆಟ್ಟಿಗೆಯಿಂದ ಬೆಸೆದು ಕೈಚೀಲ ಮಾಡಲು ಹೊರಟಿದ್ದೆ. ಎರಡು ಸಲವೂ ಹಾಳೆ ಮುದುರಿ ತೂತು ಬಿತ್ತು. ತುಂಬಾ ಬೇಜಾರಾಯಿತು. ಬಿಸಿ ತಗ್ಗಿಸಿದರೆ ಪದರಗಳು ಅಂಟಲೇ ಇಲ್ಲ.

ತಪ್ಪು ಬೇರೆ ಕಡೆ ಇತ್ತು. ನಾನು ಇಟ್ಟಿದ್ದು ಬರೀ 3 ಪದರ. ತೆಳು ಕವರ್‌ಗೆ ಅದು ಸಾಲದು. ಈಗ ಹಿಡಿಕೆ, ತಳದ ಅಂಚು ಕತ್ತರಿಸಿ 8 ಪದರ ಜೋಡಿಸುತ್ತೇನೆ. ಅಚ್ಚಿನ ಬಣ್ಣ ಒಳಮುಖ ಇರಬೇಕು, ಇಲ್ಲದಿದ್ದರೆ ಕರಗಿ ಅಂಟಿಕೊಳ್ಳುತ್ತದೆ. ಮೇಲೆ ಕೆಳಗೆ ಬೇಕಿಂಗ್ ಪೇಪರ್ (ಬಿಸಿಗೆ ಅಂಟದ ಅಡುಗೆ ಕಾಗದ). ಇಸ್ತ್ರಿಯನ್ನು ನಿಲ್ಲಿಸದೆ ಸರಿಸುತ್ತಾ 15 ಸೆಕೆಂಡ್, ಮಗುಚಿ ಮತ್ತೆ ಅಷ್ಟೇ. ಕಿಟಕಿ ತೆರೆದಿಡಿ, ಆ ಹೊಗೆ ಒಳ್ಳೆಯದಲ್ಲ.

ಹಾಳೆ ಸ್ವಲ್ಪ ಕುಗ್ಗುತ್ತದೆ ಅಲ್ವಾ, ಹಾಗಾಗಿ ಬೆಸೆದ ಮೇಲೇ ಅಳತೆ ಹಾಕಿ. ಹೊಲಿಗೆ ಉದ್ದುದ್ದ ಇರಲಿ. ಒತ್ತಾಗಿ ಹೊಲಿದರೆ ಸೂಜಿಯ ಗೆರೆಯಲ್ಲೇ ಹರಿಯುತ್ತದೆ.