ಎರಡು ಸಪ್ಲೈಯರ್ ಇದ್ದರೂ ತವರ ಒಂದೇ ಕಡೆಯದು: ನನ್ನ ಅನುಭವ

ಸರ್ಕ್ಯೂಟ್ ಬೋರ್ಡ್‌ಗಳನ್ನು ಕರಗಿದ ಲೋಹದ ಅಲೆಯ ಮೇಲೆ ಹಾಯಿಸಿ ಬೆಸೆಯುವ ವೇವ್ ಸೋಲ್ಡರಿಂಗ್ ಲೈನ್‌ಗೆ ಸೋಲ್ಡರ್ (ಬೆಸುಗೆ ಲೋಹ) ಬಾರ್ ಕೊಳ್ಳುವ ಕೆಲಸ ನನ್ನದು. ನಾವು ಬಳಸುವ ಎಸ್‌ಎಸಿ305 ಎಂಬ ಮಿಶ್ರಲೋಹದಲ್ಲಿ 96.5% ತವರವೇ ಇರುತ್ತದೆ. ತವರ ಸಿಗದಿದ್ದರೆ ಲೈನ್ ನಿಂತಂತೆ.

ಮೊದಲ ನಾಲ್ಕು ವರ್ಷ ನಾನೂ ಎಲ್ಲರ ಹಾಗೆ ಸಿಎಂಆರ್‌ಟಿ ಶೀಟ್ ತರಿಸಿ ಫೈಲ್‌ಗೆ ಹಾಕುತ್ತಿದ್ದೆ. ಲೋಹ ಯಾವ ಸ್ಮೆಲ್ಟರ್‌ನಿಂದ (ಅದಿರು ಕರಗಿಸಿ ಲೋಹ ತೆಗೆಯುವ ಕಾರ್ಖಾನೆ) ಬಂತು ಎಂದು ಸಪ್ಲೈಯರ್ ತುಂಬಿಕೊಡುವ ಶೀಟ್ ಅದು. ಒಂದು ಶೀಟ್‌ನಲ್ಲಿ ತವರಕ್ಕೇ ಐವತ್ತಕ್ಕೂ ಜಾಸ್ತಿ ಸ್ಮೆಲ್ಟರ್‌ಗಳ ಹೆಸರಿದ್ದವು. ನಾವು ಕೊಳ್ಳುವುದು ವರ್ಷಕ್ಕೆ ಹನ್ನೆರಡು ಟನ್ ಆಸುಪಾಸು. ಅಷ್ಟಕ್ಕೆ ಐವತ್ತು ಸ್ಮೆಲ್ಟರ್ ಇರಲು ಸಾಧ್ಯವೇ ಇಲ್ಲ, ಅಲ್ವಾ? ಅದು ಅವರ ಇಡೀ ಕಂಪನಿಯ ಪಟ್ಟಿ. ನಮ್ಮ ಸರಕು ಯಾವುದರದ್ದು ಎಂದು ಅದರಲ್ಲಿ ಇರಲೇ ಇಲ್ಲ.

2023ರ ಆಗಸ್ಟ್‌ನಲ್ಲಿ ತವರದ ಅದಿರು ಹೆಚ್ಚಾಗಿ ಸಿಗುವ ಮ್ಯಾನ್ಮಾರ್‌ನ ವಾ ಪ್ರದೇಶ ಗಣಿಗಾರಿಕೆ ನಿಲ್ಲಿಸಿತು. ನನಗೆ ಇಬ್ಬರು ಸಪ್ಲೈಯರ್ ಇದ್ದಾರೆ ಎಂದು ಧೈರ್ಯವಾಗಿದ್ದೆ. ಇಬ್ಬರೂ ಒಂದೇ ವಾರ ಕೈ ಎತ್ತಿದರು. ಕೆದಕಿ ನೋಡಿದರೆ ಇಬ್ಬರಿಗೂ ಲೋಹ ಬರುತ್ತಿದ್ದದ್ದು ಒಂದೇ ಸ್ಮೆಲ್ಟರ್‌ನಿಂದ. ವಿಮಾನದಲ್ಲಿ ಸರಕು ತರಿಸಿದೆವು. ಆ ವರ್ಷದ ಸಾಗಣೆ ಬಜೆಟ್‌ನ ಮೂರರಲ್ಲೊಂದು ಭಾಗ ಅದಕ್ಕೇ ಹೋಯಿತು.

ಆಮೇಲೆ ಶೀಟ್ ಬಿಟ್ಟು ಲೋಹದ ಗಟ್ಟಿಯನ್ನೇ ಹಿಡಿದೆ. ತವರದ ಗಟ್ಟಿಯ ಮೇಲೆ ಸ್ಮೆಲ್ಟರ್ ತನ್ನ ಬ್ರ್ಯಾಂಡ್ ಅಚ್ಚು ಹಾಕಿರುತ್ತದೆ. ಸಪ್ಲೈಯರ್ ಅದನ್ನು ಕರಗಿಸಿ ಬಾರ್ ಮಾಡುವ ಮೊದಲು ಆ ಅಚ್ಚಿನ ಫೋಟೊ ಮತ್ತು ಲಾಟ್ ನಂಬರ್ ಕಳಿಸಿದರೆ ಮಾತ್ರ ಬಿಲ್ ಪಾಸ್ ಎಂದು ಆರ್ಡರ್‌ನಲ್ಲೇ ಬರೆಸಿದೆ. ಒಬ್ಬ ಸಪ್ಲೈಯರ್ ಬಿಟ್ಟೇ ಹೋದ. ಇನ್ನೊಬ್ಬ ಮೂರು ಬಾರಿ ಒಂದೇ ಫೋಟೊ ಕಳಿಸಿದ. ಮೂಲೆಯಲ್ಲಿ ಒಂದು ಗೀರು ಇತ್ತು, ಅದರಿಂದ ಸಿಕ್ಕಿಬಿದ್ದ. ಫೋಟೊ ಹಳೆಯದೋ ಹೊಸದೋ ಎಂದು ಈಗ ಬೇರೆ ದಾರಿಯಲ್ಲಿ ಪತ್ತೆ ಹಚ್ಚುತ್ತೇನೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಬರೆದರೆ ಕೆಲಸ ಕೆಡುತ್ತದೆ.

ಈಗ ಎರಡು ಮೂಲ. ಒಂದಕ್ಕೆ ಅದಿರು ಕಾಂಗೋದ ಬಿಸಿಯೆ ಗಣಿಯಿಂದ, ಇನ್ನೊಂದಕ್ಕೆ ಪೆರುವಿನ ಸಾನ್ ರಫಾಯೆಲ್‌ನಿಂದ. "ಕಾಂಗೋ ಗೊಡವೆ ಯಾಕೆ?" ಎಂದು ನಮ್ಮ ಲೆಕ್ಕಪತ್ರದವರು ತಡೆದರು. ನಾನು ಒಪ್ಪಲಿಲ್ಲ. ಕಾಂಗೋ ಕಡೆಯ ಅದಿರಿನಿಂದ ಸಶಸ್ತ್ರ ಗುಂಪುಗಳಿಗೆ ದುಡ್ಡು ಹೋಗುತ್ತಿದೆಯೇ ಎಂದು ಕಂಪನಿಗಳು ಪರಿಶೀಲಿಸಿ ತಿಳಿಸಬೇಕು ಎನ್ನುವ ಅಮೆರಿಕದ 2010ರ ಡಾಡ್-ಫ್ರಾಂಕ್ ಕಾಯ್ದೆ ಬಂದ ಮೇಲೆ ಎಷ್ಟೋ ಕಂಪನಿಗಳು ಆ ಕಡೆಯ ಅದಿರನ್ನೇ ಬಿಟ್ಟವು. ಕೈಯಲ್ಲಿ ಅಗೆಯುವವರ ಹೊಟ್ಟೆಗೆ ಹೊಡೆತ ಬಿತ್ತು. ಜವಾಬ್ದಾರಿ ಅಂದರೆ ಪರಿಶೀಲಿಸಿ ಖರೀದಿಸುವುದು, ಓಡಿಹೋಗುವುದಲ್ಲ.

ಎರಡನೇ ಮೂಲಕ್ಕೆ ಮೂರು ನಾಲ್ಕು ಪರ್ಸೆಂಟ್ ಜಾಸ್ತಿ ಕೊಡುತ್ತೇವೆ. ಹತ್ತು ವಾರದ ಸ್ಟಾಕ್ ಕೂಡ ಇಡುತ್ತೇವೆ. ಅಷ್ಟು ದುಡ್ಡು ಸುಮ್ನೆ ಕೂತಿದೆ ಎಂದು ಪ್ರತಿ ತಿಂಗಳ ಮೀಟಿಂಗ್‌ನಲ್ಲೂ ಬೈಸಿಕೊಂಡೆ. 2025ರ ಮಾರ್ಚ್‌ನಲ್ಲಿ ಎಂ23 ಬಂಡುಕೋರರು ಹತ್ತಿರ ಬಂದಾಗ ಬಿಸಿಯೆ ನಿಂತಿತು. ಜಗತ್ತಿನ ತವರದಲ್ಲಿ ಸುಮಾರು 6% ಅಲ್ಲಿಂದಲೇ ಬರುತ್ತದೆ. ಬೆಲೆ ಜಿಗಿಯಿತು. ನಮ್ಮ ಲೈನ್ ಒಂದು ಶಿಫ್ಟ್ ಕೂಡ ನಿಲ್ಲಲಿಲ್ಲ. ಆಮೇಲೆ ಮೀಟಿಂಗ್‌ನಲ್ಲಿ ಯಾರೂ ಸ್ಟಾಕ್ ಮಾತೆತ್ತಿಲ್ಲ.

ನಡುವೆ ಒಂದು ಪ್ರಯೋಗ ಕೈಕೊಟ್ಟಿತು. ತವರವನ್ನೇ ಕಡಿಮೆ ಮಾಡೋಣ ಎಂದು ಒಂದು ಬೋರ್ಡ್‌ಗೆ 42% ತವರ, 58% ಬಿಸ್ಮತ್ ಇರುವ ಸೋಲ್ಡರ್ ಪೇಸ್ಟ್ ಹಾಕಿ ನೋಡಿದೆ. 138 ಡಿಗ್ರಿಗೇ ಕರಗುತ್ತದೆ, ಕರೆಂಟೂ ಉಳಿಯಿತು. ಆದರೆ ಬೋರ್ಡನ್ನು ಬೀಳಿಸಿ ನೋಡುವ ಡ್ರಾಪ್ ಟೆಸ್ಟ್‌ನಲ್ಲಿ ಜಾಯಿಂಟ್‌ಗಳು ಪಟಪಟ ಬಿರುಕು ಬಿಟ್ಟವು. ಅದನ್ನು ಸರಿಮಾಡುತ್ತಾ ಕೂತಿದ್ದಾಗಲೇ, 2025ರ ಫೆಬ್ರವರಿಯಲ್ಲಿ, ಚೀನಾ ಬಿಸ್ಮತ್ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಅಲ್ಲಿಗೆ ಕೈಬಿಟ್ಟೆ.

ಕೈಹಿಡಿದದ್ದು ಡ್ರಾಸ್. ಸೋಲ್ಡರ್ ಕರಗಿಸುವ ಪಾಟ್ ಮೇಲಿಂದ ತೆಗೆಯುವ ಆ ಬೂದು ಕೆನೆಯಲ್ಲಿ ಹೆಚ್ಚಿನ ಪಾಲು ಒಳ್ಳೆ ಲೋಹವೇ. ಮೊದಲು ಗುಜರಿಯವರಿಗೆ ತೂಕಕ್ಕೆ ಕೊಡುತ್ತಿದ್ದೆವು. ಈಗ ಮುಚ್ಚಳದ ಡ್ರಮ್‌ನಲ್ಲಿ ತುಂಬಿ ಶುದ್ಧೀಕರಣಕ್ಕೆ ಕಳಿಸಿ, ಬಾರ್ ಆಗಿ ವಾಪಸ್ ತರಿಸುತ್ತೇವೆ. ವರ್ಷಕ್ಕೆ ಎರಡು ಟನ್ ಹತ್ತಿರ ಬರುತ್ತಿದೆ. ಆ ಎರಡು ಟನ್‌ಗೆ ಯಾವ ಗಣಿಯನ್ನೂ ಕಾಯಬೇಕಿಲ್ಲ.