ಐದು ಜಾಗದ ಮಣ್ಣನ್ನು ಒಂದೇ ಚೀಲಕ್ಕೆ ಹಾಕಿದ್ದೆ

ಮಣ್ಣಿನ ಶಿಲೀಂಧ್ರಗಳ ಕೆಲಸಕ್ಕೆ ಇಳಿದ ಮೊದಲ ವರ್ಷ ಒಂದು ಇಳಿಜಾರನ್ನು ಆರಿಸಿಕೊಂಡಿದ್ದೆ. ಮೇಲೆ ಬಿಸಿಲು ಬಡಿಯುವ ಬಯಲು, ನಡುವೆ ಮರಗಳ ನೆರಳು, ಕೆಳಗೆ ಮಳೆ ನೀರು ನಿಲ್ಲುವ ತಗ್ಗು. ಪ್ರತಿ ಭಾಗದಲ್ಲೂ ಐದು ಕಡೆ ಮಣ್ಣು ತೆಗೆದು, ಐದನ್ನೂ ಒಂದೇ ಚೀಲಕ್ಕೆ ಸುರಿದು ಕಲಸಿಬಿಟ್ಟೆ. ಗೊಬ್ಬರ ಎಷ್ಟು ಬೇಕು ಅಂತ ತಿಳಿಯಲು ಮಣ್ಣು ಪರೀಕ್ಷೆ ಮಾಡಿಸುವಾಗ ಹಾಗೇ ಮಾಡುತ್ತಾರೆ, ಆ ಕೆಲಸಕ್ಕೆ ಅದು ಸರಿ. ಯಾವ ಶಿಲೀಂಧ್ರ ಎಲ್ಲಿದೆ, ಅಲ್ಲೇ ಯಾಕಿದೆ ಅಂತ ಕೇಳುವವರಿಗೆ ಮಾತ್ರ ಸರಿಯಲ್ಲ.

ಸಾಲದ್ದಕ್ಕೆ ಚೀಲಗಳ ಬಾಯಿ ಕಟ್ಟಿ ಎರಡು ದಿನ ಮೇಜಿನ ಮೇಲೆ ಬಿಟ್ಟಿದ್ದೆ. ಆ ಮಣ್ಣನ್ನು ಪ್ಲೇಟ್‌ಗೆ, ಅಂದರೆ ಶಿಲೀಂಧ್ರ ಬೆಳೆಸುವ ಆಹಾರ ತುಂಬಿದ ಚಪ್ಪಟೆ ತಟ್ಟೆಗೆ, ಹಾಕಿದ ಮೂರನೇ ದಿನ ನೋಡಿದರೆ ಎಲ್ಲದರಲ್ಲೂ ರೈಜೋಪಸ್ ಅನ್ನುವ ಬೂಷ್ಟು! ಹತ್ತಿಯ ಹಾಗೆ ಉಬ್ಬಿ ಮುಚ್ಚಳಕ್ಕೆ ತಾಗಿತ್ತು, ತುದಿಯಲ್ಲಿ ಸಣ್ಣ ಕಪ್ಪು ಚುಕ್ಕೆಗಳು, ಅದರಡಿ ಬೇರೇನಾದರೂ ಬೆಳೆದಿದೆಯಾ ಅಂತ ತಿಳಿಯುವ ಹಾಗೇ ಇರಲಿಲ್ಲ. ಮುಚ್ಚಿದ ಚೀಲದ ಬೆಚ್ಚಗಿನ ತೇವದಲ್ಲಿ ಬೇಗ ಬೆಳೆಯುವವು ಮೇಲುಗೈ ಸಾಧಿಸಿದ್ದವು. ಇಳಿಜಾರಿನ ಮೂರೂ ಭಾಗಕ್ಕೆ ಶಿಲೀಂಧ್ರಗಳ ಹೆಚ್ಚುಕಡಿಮೆ ಒಂದೇ ಪಟ್ಟಿ ಬಂತು. ಇಡೀ ವರ್ಷದ ಕೆಲಸ ಹೋಯಿತು.

ಮರುವರ್ಷ ಪ್ರತಿ ಗುಂಡಿಯ ಮಣ್ಣನ್ನೂ ಬೇರೆ ಬೇರೆ ಇಟ್ಟೆ. ತರಗೆಲೆ ಸರಿಸಿ ಮೇಲಿನ 10 ಸೆಂ.ಮೀ. ಮಣ್ಣು ಮಾತ್ರ, ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಸ್ಪಿರಿಟ್‌ನಿಂದ ಒರೆಸಿದ, ಮಣ್ಣು ತೆಗೆಯುವ ಕೊಳವೆ, ಐಸ್ ಪೆಟ್ಟಿಗೆ, 24 ಗಂಟೆಯೊಳಗೆ ಪ್ಲೇಟ್. ಅಗೆದ ಜಾಗದಲ್ಲೇ ಮಣ್ಣಿನ ಉಷ್ಣತೆ ಬರೆದುಕೊಂಡೆ. ತೇವಕ್ಕೆ ಮಣ್ಣನ್ನು ತೂಗಿ, 105 ಡಿಗ್ರಿಯಲ್ಲಿ ಒಂದು ದಿನ ಒಣಗಿಸಿ, ಮತ್ತೆ ತೂಗಿದೆ. ರಸಸಾರಕ್ಕೆ, ಅಂದರೆ ಪಿಎಚ್‌ಗೆ, ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ಡಿಸ್ಟಿಲ್ಡ್ ನೀರು. ಬೇಗ ಹರಡುವವನ್ನು ಹಿಡಿದಿಡಲು ಪ್ಲೇಟ್‌ಗೆ ರೋಸ್ ಬೆಂಗಾಲ್ ಅನ್ನುವ ಬಣ್ಣ ಬೆರೆಸಿದ ಅಗರ್, ಬ್ಯಾಕ್ಟೀರಿಯಾ ತಡೆಯಲು ಸ್ಟ್ರೆಪ್ಟೊಮೈಸಿನ್. ರೋಸ್ ಬೆಂಗಾಲ್ ಪ್ಲೇಟ್‌ಗಳನ್ನು ಕತ್ತಲಲ್ಲೇ ಇಡಬೇಕು. ಬೆಳಕು ಬಿದ್ದರೆ ಅದು ಶಿಲೀಂಧ್ರಕ್ಕೂ ವಿಷವಾಗುತ್ತದೆ.

ಇನ್ನೊಂದು ಕೆಲಸ ಮಾಡಿದೆ, ಇದು ಮುಖ್ಯ. ಒಂದೇ ಮಣ್ಣನ್ನು 15, 25, 37 ಡಿಗ್ರಿ ಮೂರರಲ್ಲೂ ಬೆಳೆಸಿದೆ. ಯಾಕೆಂದರೆ ಪ್ಲೇಟ್‌ಗಳನ್ನು ಒಂದೇ ಉಷ್ಣತೆಯಲ್ಲಿ ಇಡುವ ನಮ್ಮ ಇನ್‌ಕ್ಯುಬೇಟರ್ ಕೂಡ ಒಂದು ವಾತಾವರಣವೇ ಅಲ್ವಾ? 25ರಲ್ಲಿ ಮಾತ್ರ ಬೆಳೆಸಿದರೆ 25 ಇಷ್ಟಪಡುವವೇ ಜಾಸ್ತಿ ಕಾಣುತ್ತವೆ.

ಈ ಸಲ ಇಳಿಜಾರಿನ ಭಾಗಗಳು ಬೇರೆ ಬೇರೆಯಾಗಿ ಕಂಡವು. ಬಯಲಿನ ಮಣ್ಣಿನಲ್ಲಿ ಆಸ್ಪರ್ಜಿಲಸ್ ಜಾಸ್ತಿ, ಜೊತೆಗೆ ಎಳೆಗಳೇ ಕಪ್ಪಾಗಿರುವ ಬಗೆಗಳು. ಆ ಕಪ್ಪು ಮೆಲನಿನ್, ಬಿಸಿಲನ್ನೂ ಒಣಗುವುದನ್ನೂ ತಡೆದುಕೊಳ್ಳಲು ನೆರವಾಗುತ್ತದೆ. ನೆರಳಿನಲ್ಲಿ ಪೆನಿಸಿಲಿಯಂ, ಟ್ರೈಕೋಡರ್ಮಾ. ಆದರೆ ನನ್ನನ್ನು ನಿಲ್ಲಿಸಿದ್ದು ಒಂದೇ ಮರದ ಬುಡದ ಮಣ್ಣು ಮತ್ತು ಅಲ್ಲಿಂದ ನಾಲ್ಕು ಹೆಜ್ಜೆ ಆಚೆಯ ಮಣ್ಣು. ಎರಡೂ ಪ್ಲೇಟ್ ಪಕ್ಕಪಕ್ಕ ಇಟ್ಟರೆ ಬೇರೆ ಬೇರೆ ಊರಿನವು ಅನ್ನಬೇಕು! ಮೊದಲ ವರ್ಷ ನಾನು ಕಲಸಿದ್ದು ಇದನ್ನೇ.

ಪಿಎಚ್ ಎಲ್ಲವನ್ನೂ ನಿರ್ಧರಿಸುತ್ತದೆ ಅಂದುಕೊಂಡಿದ್ದೆ. ಅಷ್ಟಾಗಿ ಇಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಒಂದೇ ಹೊಲದೊಳಗೆ ಪಿಎಚ್ 4ರಿಂದ 8.3ರವರೆಗೆ ಏರುವ ಒಂದು ನೆಲದ ಪಟ್ಟಿ ಇದೆ. 2010ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನದಲ್ಲಿ 4ರಿಂದ 8ಕ್ಕೆ ಹೋಗುವಷ್ಟರಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹತ್ತಿರಹತ್ತಿರ ಎರಡು ಪಟ್ಟಾಯಿತು, ಶಿಲೀಂಧ್ರಗಳ ವೈವಿಧ್ಯ ಮಾತ್ರ ಸ್ವಲ್ಪವೇ ಬದಲಾಯಿತು. ಪಿಎಚ್ ಕಡಿಮೆ ಇರುವ ಹುಳಿ ಮಣ್ಣಿನಲ್ಲಿ ಶಿಲೀಂಧ್ರ ಮೇಲುಗೈ ಪಡೆಯಲು ಬ್ಯಾಕ್ಟೀರಿಯಾಗಳ ಪೈಪೋಟಿ ತಗ್ಗುವುದೂ ಒಂದು ಕಾರಣ. ಇನ್ನು ದೂರದಿಂದ ನೋಡಿದರೆ ಲೆಕ್ಕವೇ ಬೇರೆ. ಶಿಲೀಂಧ್ರ ವಿಜ್ಞಾನಿ ಲೆಹೊ ಟೆಡೆರ್ಸೂ ಮತ್ತು ಜೊತೆಗಾರರು 2014ರಲ್ಲಿ ಪ್ರಪಂಚದ 365 ಜಾಗಗಳ ಮಣ್ಣಿನ ಡಿಎನ್ಎ ನೋಡಿದಾಗ ಮುಂದೆ ನಿಂತದ್ದು ಹವಾಮಾನ.

ಪ್ಲೇಟ್ ಒಂದನ್ನೇ ನಂಬಬೇಡಿ. ಬೀಜಾಣು ಜಾಸ್ತಿ ಉದುರಿಸುವವು ಅಲ್ಲಿ ತಮ್ಮ ಪಾಲಿಗಿಂತ ಹೆಚ್ಚು ಕಾಣಿಸಿಕೊಳ್ಳುತ್ತವೆ, ಅಣಬೆ ಬಿಡುವ ಎಷ್ಟೋ ಶಿಲೀಂಧ್ರಗಳು ಬರುವುದೇ ಇಲ್ಲ. ಗಿಡದ ಬೇರಿನ ಕೋಶದೊಳಗೆ ಜೊತೆಗಾರರಾಗಿ ಬದುಕುವ ಮೈಕೊರೈಜಾ ಶಿಲೀಂಧ್ರಗಳಂತೂ ಇಲ್ಲವೇ ಇಲ್ಲ. ಅವನ್ನು ನೋಡಲು ಸಣ್ಣ ಬೇರುಗಳನ್ನು ತೊಳೆದು, 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಕಾಯಿಸಿ, ಆಮ್ಲದಲ್ಲಿ ಅದ್ದಿ, ಟ್ರಿಪಾನ್ ಬ್ಲೂ ಅನ್ನುವ ನೀಲಿ ಬಣ್ಣ ಹಚ್ಚಿದೆ. ಮೈಕ್ರೋಸ್ಕೋಪ್‌ನಲ್ಲಿ ಬೇರಿನ ಒಂದೊಂದು ಕೋಶದೊಳಗೂ ನೀಲಿ ಬಣ್ಣದ ಪುಟ್ಟ ಮರ, ಕೊಂಬೆ ಒಡೆದು ಕೊಂಬೆ. ಆ ದಿನ ಊಟಕ್ಕೆ ಏಳಲಿಲ್ಲ ನಾನು. ರಂಜಕ ಹೆಚ್ಚಿರುವ ಮಣ್ಣಿನಲ್ಲಿ ಗಿಡ ಈ ಜೊತೆಗಾರರನ್ನು ಅಷ್ಟಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಹಾಗಾಗಿ ರಂಜಕವನ್ನೂ ಅಳೆಸಿ.

ತಗ್ಗಿನ ವಿಷಯ ಕೊನೆಗೆ ಉಳಿಸಿಕೊಂಡಿದ್ದೆ. ಮಳೆಗಾಲದಲ್ಲಿ ಅಲ್ಲಿನ ಪ್ಲೇಟ್‌ಗಳು ಸುಮ್ನೆ ಖಾಲಿ ಖಾಲಿ. ನೀರು ನಿಂತರೆ ಮಣ್ಣಿನ ಗಾಳಿ ಹೋಗುತ್ತದೆ, ಹೆಚ್ಚಿನ ಶಿಲೀಂಧ್ರಗಳಿಗೆ ಗಾಳಿ ಬೇಕೇ ಬೇಕು. ಬಡ ಜಾಗ ಅಂತ ಬರೆದಿಟ್ಟಿದ್ದೆ. ನೀರು ಇಂಗಿದ ಮೇಲೆ ಗುರುತಿಗೆ ನೆಟ್ಟಿದ್ದ ಅದೇ ಗೂಟದ ಪಕ್ಕ ಮತ್ತೆ ಅಗೆದೆ. ಬಿರುಕು ಬಿಟ್ಟ ಹೆಂಟೆ ಒಡೆದರೆ ಒಳಗೆಲ್ಲ ಬಿಳಿ ಎಳೆ, ಒಂದು ಬಿರುಕಿನಿಂದ ಇನ್ನೊಂದಕ್ಕೆ ದಾಟಿಕೊಂಡು ಹೋಗಿತ್ತು.